ಬಿಸಿಲಿಗೆ ಸೊಟ್ಟಾದ ಬಸ್ಸು

ಹರಪನಹಳ್ಳಿ
16 ಫೆಬ್ರವರಿ 2025, ಐತವಾರ

ಸುಮಲತಾಗ,

ಮೊದಲು 'ಪ್ರೀತಿಯ ಸುಮಿ' ಅಂತ ಬರೆದಿದ್ದೆ, ಹೊಡೆದು ಹಾಕಿದೆ. ಆಮೇಲೆ 'ಶ್ರೀಮತಿ ಸುಮಲತಾ ಅವರಿಗೆ' ಅಂತ ಬರೆದೆ, ಅದು ತಾಲೂಕು ಕಚೇರಿ ನೋಟೀಸ್ ಇದ್ದಂಗ ಕಂಡಿತು, ಅದನ್ನೂ ಹೊಡೆದೆ. ಬರೀ ಹೆಸರು ಸಾಕು. ನಿನಗ ಇವತ್ತು ಅದಕ್ಕಿಂತ ಹೆಚ್ಚಿಂದು ಕೊಡಾಕ ನನ್ನ ಕೈ ಏಳವಲ್ಲದು.

ನೀನು ಕೊರಿಯರ್‌ನಾಗ ಕಳಿಸಿದ ಆಟಿಕೆ ಬಸ್ಸು ಬಂದು ಮುಟ್ಟಿ ಹನ್ನೊಂದು ದಿನ ಆತು. ಹಳೇ ಇಳಕಲ್ ಸೀರಿ ತುಂಡಿನಾಗ ಸುತ್ತಿ, ಸುತ್ತಲೂ ಪೇಪರ್ ತುರುಕಿ, ಕೂಸಿನ್ನ ಕಳಿಸಿದಂಗ ಕಳಿಸೀದಿ. ಜೊತಿಗೆ ಇಟ್ಟಿದ್ದ ಚೀಟಿನೂ ಓದಿದೆ. ನನ್ನ ಉತ್ತರ ಈಗಲೇ ಹೇಳಿಬಿಡ್ತೀನಿ, ಕೊನೀತನಕ ಹುಡುಕೋದು ಬ್ಯಾಡ. ಈ ಬಸ್ಸು ನಾನು ನೆಟ್ಟಗ ಮಾಡಿಕೊಡಂಗಿಲ್ಲ. ನೀನು ನಮ್ಮ ಮನಿಗೆ ಬಂದು, ನಮ್ಮಪ್ಪನ ಮುಂದ ಕುಂತು, ಅದು ಹೆಂಗ ಸೊಟ್ಟಾತು ಅಂತ ಖರೇ ಹೇಳೋತನಕ ಅದು ಇದ್ದಂಗೇ ಇರ್ತೈತಿ.

ಫೋನ್ ಮಾಡಬೌದಿತ್ತು. ಮಾಡಲಿಲ್ಲ. ಫೋನಿನಾಗ ನೀನು ಅಳ್ತಿ. ನೀನು ಅತ್ತರ ನಾನು ಸಡ್ಲ ಆಗ್ತೀನಿ, ಇದು ನಿನಗೂ ಗೊತ್ತು, ನನಗೂ ಗೊತ್ತು. ಹೈಸ್ಕೂಲಿನಿಂದ ಹಿಂಗೇ ಗೆದ್ಕೊಂಡು ಬಂದೀದಿ. ಅದಕ್ಕ ಕಾಗದ. ಓದಿ ಎಷ್ಟು ಬೇಕಾದ್ರೂ ಅಳು, ನನಗ ಕೇಳಂಗಿಲ್ಲ.

ನಿನ್ನ ಚೀಟಿಯಾಗ ಏನು ಬರೆದೀದಿ ನೆನಪೈತೇನು? ಕೊಟ್ಟೂರಾಗ ಹೊಸಾ ಮನಿ ಮುಗೀತು, ಮಾರ್ಚ್ ಏಳಕ್ಕ ಗೃಹಪ್ರವೇಶ, ಹಾಲ್‌ನಾಗ ಗಾಜಿನ ಶೋಕೇಸ್ ಮಾಡಿಸೀನಿ, ಸಣ್ಣಾಕಿದ್ದಾಗಿನ ಸಾಮಾನು ಅದರಾಗ ಇಡ್ತೀನಿ ಅಂತ ಬರೆದೀದಿ. ಭಾಳ ಸಂತೋಷ. ಆಮೇಲೆ ಬರೆದೀದಿ, ಈ ಬಸ್ಸು ಬಿಸಿಲಾಗ ಮರೆತು ಬಿಟ್ಟು ಸೊಟ್ಟ ಮಾಡಿದಾಕಿ ನೀನೇ, ಈಗ ಆಟಿಕೆ ರಿಪೇರಿಯಾಗ ಹೆಸರು ಮಾಡೀದಿ, ನೀನೇ ನೆಟ್ಟಗ ಮಾಡಿಕೊಡು ಅಂತ. ಪಕ್ಕದಾಗ ಪೆನ್ನಿಲೆ ಒಂದು ನಗೋ ಮಾರಿ ಬ್ಯಾರೆ ತೆಗೆದೀದಿ. ಅದರ ಕೆಳಗ, ಗೃಹಪ್ರವೇಶದ ದಿನ ಸ್ವಾಮಿಗಳು, ಬೀಗರು ಅಂತ ಗದ್ದಲ ಇರ್ತೈತಿ, ಮಾತಾಡಾಕ ಆಗಂಗಿಲ್ಲ, ನೀನು ಮರುದಿನ ಆರಾಮಾಗಿ ಬಾ ಅಂತ. ಸುಮಿ, ಮರುದಿನ ಬಾ ಅಂತ ಯಾರನ್ನ ಕರೀತಾರ, ಯಾಕ ಕರೀತಾರ ಅಂತ ನನಗ ತಿಳಿಯಂಗಿಲ್ಲ ಅಂದುಕೊಂಡಿಯೇನು? ಅಂಥ ಮರುದಿನದ ಊಟ ನಾನು ಸಾಕಷ್ಟು ಉಂಡೀನಿ.

ಅದನ್ನೂ ನುಂಗಿದೆ, ಕೇಳು. ಮೊದಲು ಬಸ್ಸು ನೋಡೋಣ ಅಂತ ಕುಂತೆ. ಕೆಂಪು ಬಸ್ಸು, ಬಿಳೇ ಟಾಪು, ಹಿಂದಕ್ಕ ಎಳೆದು ಬಿಟ್ಟರ ಓಡೋದು. ನಿಮ್ಮ ಸೋದರಮಾವ ಹೈದರಾಬಾದಿನಿಂದ ತಂದಿದ್ದ ಅಂತ ನೀನು ನನ್ನ ಮುಂದ ನೂರು ಸಲ ಹೇಳಿದ್ದಿ. ಮೂವತ್ತೆಂಟು ವರ್ಷದ ಮ್ಯಾಲ ಅದನ್ನ ಕೈಯಾಗ ಹಿಡಿದಾಕಿ ಲಗೂನೆ ಟೇಬಲ್ ಮ್ಯಾಲ ಇಟ್ಟುಬಿಟ್ಟೆ. ನಗಬ್ಯಾಡ. ಈ ಬಸ್ಸಿನ ಸಲುವಾಗಿ ನಾನು ತಿಂದ ಹೊಡೆತ ನಿನಗ ಗೊತ್ತೈತಿ.

ನನ್ನ ಕೆಲಸ ನಿನಗ ಹೇಳಿಕೊಡೋದು ಬ್ಯಾಡ, ಆದ್ರೂ ಹೇಳ್ತೀನಿ, ಯಾಕಂದ್ರ ಮುಂದಿನ ಮಾತು ತಿಳೀಬೇಕಂದ್ರ ಇದು ತಿಳಿದಿರಬೇಕು. ವಾರದಾಗ ಆರು ದಿನ ನಾನು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಾಗ ಹುಡುಗರಿಗೆ ಆಸಿಡ್ ಅಳೆದು ಕೊಡ್ತೀನಿ. ಐತವಾರ ಒಂದು ದಿನ ಹಳೇ ಆಟಿಕೆ ಗಾಡಿ ರಿಪೇರಿ. ಹದಿನಾಲ್ಕು ವರ್ಷ ಆತು. ಪುಣೆಯಿಂದ ಒಬ್ಬರು ಜೀಪು ಕಳಿಸ್ತಾರ, ಹೈದರಾಬಾದಿನ ಡಾಕ್ಟರ್ ಒಬ್ಬರು ಲಾರಿ ಕಳಿಸ್ತಾರ. ಬಾಗಿದ ಟಾಪು, ಸೊಟ್ಟಾದ ಕಿಟಕಿ ಕಂಬಿ, ಒಳಗ ಕುಸಿದ ಬಾನೆಟ್ಟು, ಇವೇ ಹೆಚ್ಚು. ಸ್ಟೀಲ್ ಬೋಗುಣಿಯಾಗ ನೀರು ಕಾಸಿ, ಥರ್ಮಾಮೀಟರ್ ಇಟ್ಟು, ಎಪ್ಪತ್ತೈದು ಡಿಗ್ರಿ ದಾಟದಂಗ ನೋಡಿಕೊಂಡು, ಅದರಾಗ ತುಂಡನ್ನ ಮುಳುಗಿಸಿ ಇಡಬೇಕು. ಮೆತ್ತಗಾದ ಮ್ಯಾಲ ಒಳಗ ಮರದ ಅಚ್ಚು ಇಟ್ಟು, ಲಂಗದ ಲಾಡಿಲೆ ಸುತ್ತಿ ಬಿಗಿದು, ತಣ್ಣೀರಿಗೆ ಇಳಿಸಬೇಕು. ಒಂದೇ ಸಲಕ್ಕ ಬರಂಗಿಲ್ಲ. ನಾಲ್ಕು ಸಲ, ಐದು ಸಲ ಮಾಡಬೇಕಾಗ್ತೈತಿ. ಅವಸರ ಮಾಡಿದರ ಪಟ್ ಅಂತ ಸೀಳಿಬಿಡ್ತೈತಿ.

ಬಿಚ್ಚೋಕಿಂತ ಮೊದಲು ಅದು ಹೆಂಗ ಸೊಟ್ಟಾತು ಅಂತ ತಿಳಕೋಬೇಕು. ಅಟ್ಟದ ಮ್ಯಾಲ ಭಾರ ಬಿದ್ದು ಬಾಗಿದ್ದು ಬ್ಯಾರೆ, ಬಿಸಿಲಿಗೆ ಬಾಗಿದ್ದು ಬ್ಯಾರೆ. ನಮ್ಮ ಕಡೆ ಬಿಸಿಲಿಂದೇ ಜಾಸ್ತಿ ಬರ್ತಾವ. ದಸರಾದ ಮಾನೋಮಿ ಹಬ್ಬಕ್ಕ ಮನಿ ಸಾಮಾನೆಲ್ಲ ಹೊರಗ ಹಾಕಿ, ತೊಳೆದು, ಆಟಿಕೆನೂ ಕಡಪಾ ಕಲ್ಲಿನ ಮ್ಯಾಲ ಒಣ ಹಾಕ್ತಾರಲ್ಲ, ಅಂಥವು. ಕೂಡ್ಲಿಗಿಯಿಂದ, ಹಗರಿಬೊಮ್ಮನಹಳ್ಳಿಯಿಂದ ಅಂಥ ಗಾಡಿ ಇಪ್ಪತ್ತರ ಮ್ಯಾಲ ನೋಡೀನಿ. ಅವೆಲ್ಲ ತಳದಿಂದ ಹಾಳಾಗಿರ್ತಾವ, ಕಲ್ಲು ಕೆಳಗಿಂದ ಸುಡ್ತೈತಿ ನೋಡು. ಮ್ಯಾಲಿನ ಬಣ್ಣ ಒಂದು ಕಡೆ ಮಾಸಿರ್ತೈತಿ.

ನಿನ್ನ ಬಸ್ಸಿನ ತಳ ಅಳತಿಪಟ್ಟಿ ಇಟ್ಟು ನೋಡಿದೆ, ನೆಟ್ಟಗ ಐತಿ. ಗಾಲಿ ನಾಲ್ಕೂ ಗುಂಡಗ ಅದಾವ. ಕೆಂಪು ಬಣ್ಣ ಎರಡೂ ಕಡೆ ಒಂದೇ ನಮೂನಿ ಐತಿ. ಹಾಳಾಗಿದ್ದು ಟಾಪು ಮಾತ್ರ. ನಡುವ ಬೊಗಸಿ ಆದಂಗ ಕುಸಿದೈತಿ, ಅಲ್ಲಿಂದ ಎಡಕ್ಕ ಇಳಿದು ಮೂರು ಕಿಟಕಿ ಕಂಬಿ ಒರಗ್ಯಾವ. ಬಲಗಡೆಗೆ ಏನೂ ಆಗಿಲ್ಲ. ಮ್ಯಾಲಿನಿಂದ ಏನೋ ಬಿದ್ದು ಎಡಕ್ಕ ಹರಿದೈತಿ, ಅಷ್ಟೇ. ಟಾಪು ಬಿಚ್ಚಿ ಒಳಗ ಟಾರ್ಚ್ ಬಿಟ್ಟೆ. ಸೀಟಿನ ಸಾಲಿನ ಮ್ಯಾಲ ಬಿಳೇ ಗೆರಿ. ನಮ್ಮೂರ ಸವಳು ನೀರು ಕಾದು ಒಣಗಿದರ ಹಂಡೆ ಒಳಗ ಕಟ್ತೈತಲ್ಲ ಸುಣ್ಣದಂಥ ಪೊರೆ, ಅದೇ. ಉಗುರಿಲೆ ಕೆರೆದು ನೋಡಿದೆ, ಲ್ಯಾಬಿಗೆ ಒಯ್ದು ಒಂದು ಹನಿ ಆಸಿಡ್ ಹಾಕಿದೆ, ಬುಸುಬುಸು ನೊರಿ ಬಂತು. ಬಿಸಿಲು ಸುಣ್ಣ ಬಿಟ್ಟು ಹೋಗಂಗಿಲ್ಲ ಸುಮಿ.

ಆದ್ರೂ ನನಗ ನಂಬಿಕಿ ಬರಲಿಲ್ಲ. ಗುಜರಿ ಡಬ್ಬಿಯಾಗ ಇಂಥವೇ ಎರಡು ಹಳೇ ಟಾಪು ಇದ್ದವು. ಒಂದನ್ನ ಕಲ್ಲಿನ ಮ್ಯಾಲ ಇಟ್ಟು, ಸ್ನಾನಕ್ಕ ಹಾಕಿಕೊಳ್ಳೋವಷ್ಟು ಬಿಸಿ ನೀರು ಹುಯ್ದೆ, ಜಪ್ಪಯ್ಯ ಅನ್ನಲಿಲ್ಲ. ಇನ್ನೊಂದರ ಮ್ಯಾಲ ಕುದಿಯೋ ನೀರು ಹುಯ್ದೆ. ನಡುವ ಬೊಗಸಿ ಬಿತ್ತು, ಒಂದು ಕಡೆ ಕಂಬಿ ಒರಗಿದವು. ಅದನ್ನೂ ನಿನ್ನ ಬಸ್ಸಿನ ಟಾಪನ್ನೂ ಪಕ್ಕಕ್ಕ ಇಟ್ಟು ನೋಡಿದೆ. ಅಕ್ಕತಂಗಿ ಇದ್ದಂಗ ಇದ್ದವು.

ಯಾಕ ಹುಯ್ದರು ಅಂತ ನನಗ ಯಾರೂ ಹೇಳೋದು ಬೇಕಿಲ್ಲ. ನಾನು ನಿಮ್ಮ ಹಿತ್ತಲದಾಗ ಬೆಳೆದಾಕಿ. ನಮ್ಮಪ್ಪ ನಿಮ್ಮ ಮನಿ ಆಳು, ನಾನು ಆಳಿನ ಮಗಳು, ಕೊಟ್ಟಿಗೆತನಕ ಬರಬೌದು, ಹಿತ್ತಲ ಬಾಗಿಲ ಮೆಟ್ಟಿಲು ಹತ್ತಬಾರದು. ನಮ್ಮ ಕೇರಿಯವರು ಅಪ್ಪಿತಪ್ಪಿ ಏನಾದರೂ ಮುಟ್ಟಿದರ ನಿಮ್ಮವ್ವ ಏನು ಮಾಡ್ತಿದ್ದಳು? ತಾಮ್ರದ ತಂಬಿಗಿಗೆ ಹುಣಿಸೆಹಣ್ಣು. ಕಂಚಿಗೆ ಬೂದಿ. ಬಟ್ಟಿ ಆದರ ಹಂಡೆಯಾಗಿನ ಕುದಿನೀರು. ಎಲ್ಲಾದಕ್ಕೂ ಒಂದೊಂದು ಕಾಯ್ದೆ ಇತ್ತು, ನಾನು ಕಣ್ಣಾರೆ ಕಂಡೀನಿ. ಪ್ಲಾಸ್ಟಿಕ್ಕಿಗೆ ಕಾಯ್ದೆ ಇರಲಿಲ್ಲ, ಪಾಪ! ಹೊಸಾ ವಸ್ತು. ಅದನ್ನ ಯಾವ ಲೆಕ್ಕಕ್ಕ ಹಿಡೀಬೇಕು ಅಂತ ನಿಮ್ಮವ್ವಗ ತಿಳೀಲಿಲ್ಲ, ಬಟ್ಟಿ ಲೆಕ್ಕಕ್ಕ ಹಿಡಿದಳು. ಹುಣಿಸೆಹಣ್ಣು ಹಚ್ಚಿದ್ದರ ನಿನ್ನ ಬಸ್ಸು ಇವತ್ತಿಗೂ ಹೊಸಾದಂಗ ಇರ್ತಿತ್ತು ನೋಡು.

ಇಷ್ಟು ವರ್ಷ ನಾನು ನಿಮ್ಮವ್ವನ್ನ ಅನ್ನದಾನಮ್ಮನೋರು ಅಂತಿದ್ದೆ. ಸತ್ತು ಮೂರು ವರ್ಷ ಆದ ಮ್ಯಾಲೂ ಅನ್ನತಿದ್ದೆ. ಮಣ್ಣಿಗೆ ಬಂದು, ಅಂಗಳದಾಗ ಬಿಸಿಲಿಗೆ ನಿಂತು, ಕಣ್ಣೀರು ಹಾಕಿ ಹೋಗೀನಿ. ಇವತ್ತು ಆ 'ನೋರು' ಬಾಯಾಗ ಬರವಲ್ಲದು. ಬರಲಿಲ್ಲ ಅಂತ ನನಗ ನಾಚಿಕಿನೂ ಇಲ್ಲ.

ಆ ದಿನ ನಿನಗ ನೆನಪು ಮಾಡಿಕೊಡ್ತೀನಿ. ಎಂಬತ್ತೇಳನೇ ಇಸವಿ, ಯುಗಾದಿ ಆದ ಮ್ಯಾಲಿನ ವಾರ. ಇಬ್ಬರಿಗೂ ಹತ್ತು ವರ್ಷ. ದನ ಮನಿಗೆ ಬರೋ ಹೊತ್ತು. ನೀನು ಬಸ್ಸು ತಂದು ಕೊಟ್ಟಿಗಿ ಕಲ್ಲಿನ ಮ್ಯಾಲ ಓಡಿಸಿದಿ. ಆ ಕಡೆ ನಾನು, ಈ ಕಡೆ ನೀನು. ನಾನು ಹಿಂದಕ್ಕ ಎಳೆದು ಬಿಟ್ಟಾಗ ಅದು ದನ ಮೇವು ತಿನ್ನೋ ಗೋದ್ಲಿತನಕ ಓಡಿತು, ನೀನು ಬಿಟ್ಟಾಗ ಅರ್ಧಕ್ಕ ನಿಂತಿತು, ನೀನು ಹೊಟ್ಟಿಕಿಚ್ಚು ಪಟ್ಟು ನನ್ನ ಜಡಿ ಜಗ್ಗಿದಿ. ನಿಮ್ಮವ್ವ ಹಿತ್ತಲ ಬಾಗಿಲಿಗೆ ಬಂದು ನಿಂತಳು. ನಾನು ಬಸ್ಸು ನಿನ್ನ ಕೈಯಾಗ ಕೊಟ್ಟು ಮನಿಗೆ ಹೋದೆ.

ಮಾರನೇ ದಿನ ಸಂಜಿಗೆ ಅಪ್ಪ ಬಂದವನೇ ನನ್ನ ರಟ್ಟಿ ಹಿಡಿದು ಹೊರಗ ಎಳೆದ. ಓಣಿ ಮಂದಿ ಎಲ್ಲಾ ನೋಡಿದರು. ಆತ ಅದಕ್ಕೂ ಮೊದಲು ನನ್ನ ಮೈ ಮುಟ್ಟಿದವನಲ್ಲ, ಆಮೇಲೂ ಮುಟ್ಟಲಿಲ್ಲ. ಆವತ್ತು ಮಾತ್ರ ಕೈ ಸೋಲೋತನಕ ಹೊಡೆದ. ಗೌಡ್ರ ಹುಡುಗಿ ಬಸ್ಸನ್ನ ಕಲ್ಲಿನ ಮ್ಯಾಲ ಬಿಸಿಲಾಗ ಬಿಟ್ಟು ಹಾಳು ಮಾಡೀದಿ, ಇನ್ನ ಮ್ಯಾಲ ಆ ಹಿತ್ತಲಕ್ಕ ಕಾಲಿಟ್ಟರ ಕಾಲು ಮುರೀತೀನಿ ಅಂದ. ನಮ್ಮವ್ವ ಮಾರೆಮ್ಮ ಅಡ್ಡ ಬಂದಳು, ಆಕಿಗೂ ಎರಡು ಬಿದ್ದವು. ಮರುದಿನ ಮುಂಜಾನೆ ನಿಮ್ಮ ಹಿತ್ತಲ ಗೋಡಿ ಹೊರಗ ನಿಂದರಿಸಿ ತಪ್ಪಾತು ಅನಿಸಿದ. ನೀನು ಗೋಡಿ ಒಳಗ ನಿಂತಿದ್ದಿ. ನಾನು ಬಸ್ಸು ನಿನ್ನ ಕೈಯಾಗ ಕೊಟ್ಟಿದ್ದೆನಲ್ಲೇ ಸುಮಿ ಅಂತ ಕೇಳಿದೆ. ಇಲ್ಲ, ನೀನು ಬಿಸಿಲಾಗ ಬಿಟ್ಟಿದ್ದಿ ಅಂದಿ. ನನ್ನ ಕಣ್ಣಾಗ ಕಣ್ಣಿಟ್ಟು ಅಂದಿ.

ಇದರಾಗ ಒಂದು ಮಾತು ನಾನು ಯಾರಿಗೂ ಹೇಳಿಲ್ಲ, ನನ್ನ ಗಂಡ ಹುಲುಗೇಶ್‌ಗೂ ಹೇಳಿಲ್ಲ. ನೀನು ಹಂಗ ಅಂದ ಮ್ಯಾಲ ನನಗೇ ಆ ನೆನಪು ಹುಟ್ಟಿತು. ನಾನು ಬಸ್ಸನ್ನ ಕಲ್ಲಿನ ಮ್ಯಾಲ ಇಟ್ಟಿದ್ದು, ತಿರುಗಿ ನೋಡದ ಹೋದದ್ದು, ಎಲ್ಲಾ ಕಣ್ಣಿಗೆ ಕಟ್ಟಿದಂಗ ಕಂಡಿತು. ಎಷ್ಟು ವರ್ಷ ಅದನ್ನೇ ಖರೇ ಅಂತ ನಂಬೀನಿ! ಹಾಸ್ಟೆಲಿನಾಗ ಬಟ್ಟಿ ಒಣ ಹಾಕಿದರೂ ನಾಲ್ಕು ಸಲ ಹೋಗಿ ನೋಡಿ ಬರ್ತಿದ್ದೆ. ನಾನು ಮರೆಗುಳಿ, ಇನ್ನೊಬ್ಬರ ವಸ್ತು ನನ್ನ ಕೈಯಾಗ ಉಳಿಯಂಗಿಲ್ಲ ಅಂತ ನನಗ ನಾನೇ ಹೇಳಿಕೋತಿದ್ದೆ. ಈ ರಿಪೇರಿ ಕೆಲಸಕ್ಕ ಬಿದ್ದದ್ದೂ ಅದಕ್ಕೇ ಇರಬೇಕು. ಮಾಡದ ತಪ್ಪಿಗೆ ಹದಿನಾಲ್ಕು ವರ್ಷ ಕಂಡವರ ಗಾಡಿ ನೆಟ್ಟಗ ಮಾಡೀನಿ.

ನೀನು ಒಳ್ಳೇದು ಏನೂ ಮಾಡಿಲ್ಲ ಅಂತಲ್ಲ. ಸುಳ್ಳು ಬರೆಯಂಗಿಲ್ಲ ನಾನು. ಅಪ್ಪ ನನ್ನ ಹಡಗಲಿ ಹಾಸ್ಟೆಲಿಗೆ ಹಾಕಿದಾಗ ತಿಂಗಳಿಗೊಂದು ಕಾಗದ ಬರೆದೀದಿ. ಎಸ್ಸೆಸ್ಸೆಲ್ಸಿಗೆ ನಿನ್ನ ಕಂಪಾಸ್ ಬಾಕ್ಸ್ ನನಗ ಕೊಟ್ಟೀದಿ. ಆ ಕಾಗದ ಎಲ್ಲಾ ಟ್ರಂಕಿನಾಗ ಅದಾವ. ಮೊನ್ನೆ ಸಿಟ್ಟಿನಾಗ ಸುಡಬೇಕಂತ ಹೊರಗ ತೆಗೆದೆ, ಓದಿಕೋತ ಕುಂತೆ, ಒಲಿ ಹಚ್ಚೋದೇ ಮರೆತೆ. ಹಂಗಂತ ನನ್ನ ಮದುವಿಗೆ ಬಂದು ಹೊಟ್ಟಿ ಸರಿ ಇಲ್ಲ ಅಂತ ಬರೀ ಎಳನೀರು ಕುಡಿದು ಹೋದದ್ದು ಮರೆತಿಲ್ಲ. ಆ ಸಂಜಿನೇ ಹಡಗಲಿ ಬಸ್‌ಸ್ಟ್ಯಾಂಡಿನಾಗ ನೀನು ಮಿರ್ಚಿ ಮಂಡಕ್ಕಿ ತಿನ್ನೋದನ್ನ ನಮ್ಮ ಮಂದಿ ನೋಡಿ ಬಂದು ಹೇಳಿದರು. ಆವತ್ತೂ ನಿನ್ನ ಪರವಾಗಿ ಜಗಳಾಡಿದೆ ನಾನು. ಎಂಥಾ ಹುಚ್ಚಿ!

ಈಗ ನಮ್ಮಪ್ಪನ ವಿಚಾರ. ಆತಗ ಎಂಬತ್ತೊಂದು. ನನ್ನ ಹತ್ರನೇ ಅದಾನ. ದಾವಣಗೆರೆ ಡಾಕ್ಟರ್ ಹೃದಯ ಸೋತೈತಿ, ಈ ಬ್ಯಾಸಿಗಿ ದಾಟಿದರ ದೊಡ್ಡದು ಅಂದಾರ. ನನ್ನ ಮಕ್ಕಳ ಜೊತಿ ನಗ್ತಾನ, ಹುಲುಗೇಶನ ಜೊತಿ ಪೇಪರ್ ಸುದ್ದಿ ಮಾತಾಡ್ತಾನ. ನನ್ನ ಕೂಡ ಮಾತ್ರ ಏನೋ ಒಂದು ಅಡ್ಡ ಐತಿ. ಒಂದು ದಿನಕ್ಕೂ ನನ್ನ ರಿಪೇರಿ ಟೇಬಲ್ ಹತ್ರ ಬಂದಿಲ್ಲ. ಜಿಲ್ಲಾ ಪೇಪರಿನಾಗ ನನ್ನ ಫೋಟೋ ಬಂದಾಗ ಎಲ್ಲರೂ ಸಿಹಿ ತಿಂದರು, ಆತ ಫೋಟೋ ನೋಡಿ ಮಡಚಿ ಇಟ್ಟ. ನನಗ ಗೊತ್ತು ಯಾಕಂತ. ಆತನ ಕಣ್ಣಾಗ ನಾನು ಇವತ್ತಿಗೂ ಆತನ ಮರ್ಯಾದಿ ಕಳೆದ ಹುಡುಗಿ. ನನ್ನಿಂದ ಆತ ಇನ್ನೊಬ್ಬರ ಮುಂದ ತಲಿ ತಗ್ಗಿಸಬೇಕಾತು. ಆ ಮಾತು ಹೊಟ್ಟಿಯಾಗ ಇಟ್ಟುಕೊಂಡೇ ಆತ ಹೋಗಿಬಿಟ್ಟರ? ಅದಕ್ಕ ನನಗ ಅವಸರ ಸುಮಿ. ಬ್ಯಾರೆ ಏನೂ ಬ್ಯಾಡ ನನಗ.

ನಾನೇ ಹೇಳಬೌದು, ಅಪ್ಪಾ ನಾನಲ್ಲ ಅಂತ. ಹತ್ತು ವರ್ಷದಾಕಿ ಇದ್ದಾಗಲೂ ಹೇಳಿದ್ದೆ, ಹೊಡೆತ ಬಿದ್ದವು. ನಿನ್ನ ಬಾಯಿಂದ ಬಂದ ಸುಳ್ಳು, ನಿನ್ನ ಬಾಯಿಂದಲೇ ಖರೇ ಆಗಬೇಕು. ಕೊಟ್ಟೂರಿನಿಂದ ಬಸ್ಸು ಹತ್ತಿ ಬಾ, ಕಾರಿನಾಗಾದರೂ ಬಾ, ಏನರೇ ಮಾಡು. ಸ್ವೀಟ್ ಬಾಕ್ಸ್, ಸೀರಿ, ಕುಂಕುಮದ ಬಟ್ಟಲು ಏನೂ ತರಬ್ಯಾಡ. ಅಪ್ಪಗ ಎಡಗಿವಿ ಕೇಳಂಗಿಲ್ಲ, ಬಲಗಡೆ ಕುಂದ್ರು. ಜೋರಾಗಿ ಹೇಳು. ನಮ್ಮವ್ವ ಕುದಿನೀರು ಹುಯ್ದಳು, ನಾನು ಬಿಸಿಲು ಅಂತ ಸುಳ್ಳು ಹೇಳಿದೆ, ಕೋಮಲಾ ಏನೂ ಮಾಡಿರಲಿಲ್ಲ. ಇಷ್ಟೇ. ಹೇಳಿದ ಮ್ಯಾಲ ನೀನು ಅಲ್ಲೇ ಕುಂತು ನೋಡ್ತಿರು, ಎರಡು ತಾಸಿನಾಗ ಬಸ್ಸು ನೆಟ್ಟಗ ಮಾಡಿ ಕೈಯಾಗ ಕೊಡ್ತೀನಿ. ನಿನ್ನ ಶೋಕೇಸಿಗೆ ಒಯ್ಯಿ. ನಿನ್ನ ಮನಿಗೆ ನಾನು ಏಳಕ್ಕೂ ಬರಂಗಿಲ್ಲ, ಮರುದಿನನೂ ಬರಂಗಿಲ್ಲ.

ಬರದಿದ್ದರ? ಬಸ್ಸು ಹಿಂಗೇ ಸೊಟ್ಟನೇ ವಾಪಸ್ ಕೊರಿಯರ್ ಮಾಡ್ತೀನಿ. ಅದರ ಪಕ್ಕದಾಗ ಇಡಾಕ ಒಂದು ಚೀಟಿ ಬರೆದು ಕಳಿಸ್ತೀನಿ, ಹೆಂಗ ಸೊಟ್ಟಾತು ಅಂತ. ಬೀಗರು ಓದಲಿ, ಸ್ವಾಮಿಗಳು ಓದಲಿ. ಧಮಕಿ ಅಂತ ತಿಳಕೊಂಡರ ಧಮಕಿನೇ.

ನಿನ್ನ ಜೊತಿಗೆ ಆಡಿದಾಕಿ, ಸುಂಕಪ್ಪನ ಮಗಳು,
ಕೋಮಲಾ

ಮರೆತ ಮಾತು ಅಲ್ಲ, ಆಮೇಲೆ ತಿಳಿದ ಮಾತು:

ಇವತ್ತು ಬುಧವಾರ, ಹತ್ತೊಂಬತ್ತು. ಕಾಗದ ಇನ್ನೂ ಪೋಸ್ಟಿಗೆ ಹಾಕಿಲ್ಲ. ಐತವಾರ ಮಧ್ಯಾಹ್ನ ಬರೆದು ಮುಗಿಸಿದ ಕೂಡಲೇ ನನಗ ತಡಿಯಾಕ ಆಗಲಿಲ್ಲ. ನೀನು ಯಾವಾಗ ಬರ್ತಿಯೋ, ಬರ್ತಿಯೋ ಇಲ್ಲೋ. ಅಪ್ಪಗ ಓದಿ ಕೇಳಿಸಿಬಿಟ್ಟೆ. ಬಲಗಡೆ ಕುಂತು, ಜೋರಾಗಿ, ಮೊದಲಿಂದ ಕೊನೀತನಕ. ಆತ ಶೇಂಗಾ ಸುಲೀತಿದ್ದ. ಹಂಡೆ ನೀರಿನ ಮಾತು ಬಂದಾಗ ಕೈ ನಿಂತಿತು. ಮುಗಿಸಿದ ಮ್ಯಾಲ ಈಗಲಾದರೂ ನಂಬ್ತಿಯೇನಪ್ಪ ಅಂತ ಕೇಳಿದೆ. ಆತ ಕೈಯಾಗಿನ ಶೇಂಗಾ ಕೆಳಗಿಟ್ಟ. ಆಮೇಲೆ, ಆಕಿ ಹುಯ್ಯಲಿಲ್ಲವ್ವ, ನಾನು ಹುಯ್ದೆ ಅಂದ.

ನಿಮ್ಮವ್ವ ತಪ್ಪೇಲಿಯಾಗ ನೀರು ತಂದು ಮೆಟ್ಟಿಲ ಮ್ಯಾಲ ಇಟ್ಟಳಂತ. ನಿನ್ನ ಮಗಳು ಮುಟ್ಯಾಳ, ನೀನೇ ಹುಯ್ದು ಕೊಡು ಅಂದಳಂತ. ಆತ ಹುಯ್ದ. ಕಣ್ಣ ಮುಂದ ಟಾಪು ಕುಸೀತು, ನೀನು ಚೀರಿದಿ, ನಿಮ್ಮವ್ವ ಒಳಗ ಹೋದಳು. ಆಗ ಅಪ್ಪ ನಿನ್ನ ಮುಂದ ಕುಕ್ಕರಗಾಲಿಲೆ ಕುಂತು, ಅವ್ವಾ, ಕೋಮಲಾಗ ಇದನ್ನ ಹೇಳಬ್ಯಾಡ, ಆಕೀನೇ ಬಿಸಿಲಾಗ ಬಿಟ್ಟಿದ್ದಳು ಅಂತ ಹೇಳು ಅಂತ ಕೈ ಮುಗಿದನಂತ. ನೀನು ಆಣಿ ಮಾಡಿದಿ. ನನ್ನ ಯಾಕ ಹೊಡೆದಿ ಅಂ‌ತ ಕೇಳಿದೆ. ಹೊಡೀದಿದ್ದರ ನೀನು ಮರುದಿನ ಮತ್ತ ಅಲ್ಲಿಗೆ ಆಡಾಕ ಹೋಗ್ತಿದ್ದಿ, ಮತ್ತೊಂದು ತಪ್ಪೇಲಿ ನೀರು ನಾನೇ ಹುಯ್ಯಬೇಕಾಗ್ತಿತ್ತು ಅಂದ.

ಮ್ಯಾಲೆ ಬರೆದದ್ದರಾಗ ಒಂದಕ್ಷರನೂ ನಾನು ಹೊಡೆದು ಹಾಕಂಗಿಲ್ಲ. ನೀರು ಕಾಸಿದಾಕಿ ನಿಮ್ಮವ್ವನೇ. ನೀನು ಮಾತು ಉಳಿಸಿಕೊಂಡಿ ಅಂತ ಮೆರವಣಿಗಿ ಮಾಡಲೇನು? ಹತ್ತು ವರ್ಷದಾಗ ಆಣಿ ಮಾಡಿದಿ, ಸರಿ. ಇಪ್ಪತ್ತಾತು, ಮೂವತ್ತಾತು, ನಲವತ್ತೆಂಟಾತು, ಇನ್ನೂ ನಗೋ ಮಾರಿ ತೆಗೆದು ಅದೇ ಸುಳ್ಳು ಬರೀತಿ. ನೀವಿಬ್ಬರೂ ಕೂಡಿ ನನ್ನ ಮ್ಯಾಲ ಒಂದು ತಪ್ಪು ಹೊರಿಸಿ, ಒಬ್ಬರನ್ನೊಬ್ಬರು ಕಾಯ್ದುಕೊಂಡು ಕುಂತೀರಿ. ನನ್ನ ಒಂದು ಮಾತು ಕೇಳಿದವರು ಯಾರು?

ಹಂಗಾಗಿ ಬಾ. ಆತಗ ಏನೂ ಹೇಳೋದು ಬ್ಯಾಡ ನೀನು, ಇಬ್ಬರೂ ನನ್ನ ಮುಂದ ಕುಂದ್ರಬೇಕು, ಕೇಳೋದು ನನಗೈತಿ. ಐತವಾರದಿಂದ ನಾನು ಅಪ್ಪನ ಕೂಡ ಮಾತಾಡಿಲ್ಲ. ತಾಟು ಇಟ್ಟು ಬರ್ತೀನಿ, ತಾಟು ತಗೊಂಡು ಬರ್ತೀನಿ. ಆತ ಅರ್ಧ ರೊಟ್ಟಿ ಬಿಡ್ತಾನ. ಕೋಮಲಾ ಅಂತ ಎರಡು ಸಲ ಕರೆದ, ಓ ಅನ್ನಾಕ ನನಗ ಆಗವಲ್ಲದು. ಡಾಕ್ಟರ್ ಹೇಳಿದ್ದು ನಿನಗ ಬರೆದೀನಿ. ಜಲ್ದಿ ಬಾ.